ಮರಳೆಲ್ಲ ಗೋಡೆಯೊಳಗೆ ಹೋಯಿತು

ಮೊದಲು ಒಂದು ಲೆಕ್ಕ. ಫ್ರೆಂಚ್ ಪಾಲಿನೇಷ್ಯಾ ಎಂಬ ದ್ವೀಪಸಮೂಹದ ಜನಸಂಖ್ಯೆ ಸುಮಾರು 2.8 ಲಕ್ಷ. ಫುಟ್‌ಬಾಲಿನಲ್ಲಿ ಈ ದ್ವೀಪಗಳೆಲ್ಲ ಸೇರಿ ತಾಹಿತಿ ಎಂಬ ಒಂದೇ ಹೆಸರಿನಲ್ಲಿ ಆಡುತ್ತವೆ. 2011ರ ಜನಗಣತಿಯಂತೆ ಥಾಣೆ ನಗರದ ಜನಸಂಖ್ಯೆ 18.41 ಲಕ್ಷ, ಕಲ್ಯಾಣ್-ಡೊಂಬಿವಲಿಯದು 12.47 ಲಕ್ಷ, ನವಿಮುಂಬಯಿಯದು 11.20 ಲಕ್ಷ. ಮೂರೂ ಕೂಡಿದರೆ 42 ಲಕ್ಷ. ಅಂದರೆ ಹದಿನೈದು ತಾಹಿತಿಗಳು. ಇದು ಹಳೆಯ ಲೆಕ್ಕ; ಆಮೇಲೆ ಎಷ್ಟು ಟವರುಗಳು ಎದ್ದಿವೆ ಎಂಬುದನ್ನು ಬೆಳಗಿನ ಫಾಸ್ಟ್ ಲೋಕಲ್ಲಿನಲ್ಲಿ ಒಂಟಿ ಕಾಲಲ್ಲಿ ನಿಲ್ಲುವ ನಿಮಗೆ ನಾನು ಹೇಳಬೇಕಾಗಿಲ್ಲ.

ಈ ಪುಟ್ಟ ತಾಹಿತಿ ಬೀಚ್ ಸಾಕರ್ ವಿಶ್ವಕಪ್ಪಿನ ಫೈನಲ್ಲನ್ನು ಎರಡು ಸಲ ಆಡಿದೆ. 2015ರಲ್ಲಿ ಪೋರ್ಚುಗಲ್ಲಿನ ಎಸ್ಪಿನ್ಯೊದಲ್ಲಿ, ಆತಿಥೇಯರ ಎದುರೇ ಆಡಿ 5-3ರಲ್ಲಿ ಸೋತಿತು. 2017ರಲ್ಲಿ ಬಹಾಮಾಸ್‌ನಲ್ಲಿ ಬ್ರೆಜಿಲ್ಲಿನೆದುರು ಸೋತಿತು. ಸೋಲೇ ಇರಬಹುದು, ಆದರೆ ಫೈನಲ್ಲಿನಲ್ಲಿ ಸೋಲಬೇಕಾದರೆ ಮೊದಲು ಅಲ್ಲಿಗೆ ಹೋಗಬೇಕಲ್ಲ. ಹದಿನೈದು ತಾಹಿತಿಗಳಷ್ಟು ಜನರಿರುವ ನಮ್ಮ ಊರುಗಳಲ್ಲಿ ಹತ್ತು ವರ್ಷದ ಹುಡುಗನೊಬ್ಬ ದುಡ್ಡು ಕೊಡದೆ, ಯಾರ ಅಪ್ಪಣೆಯೂ ಇಲ್ಲದೆ, ಬರಿಗಾಲಲ್ಲಿ ಓಡಾಡಿ ಚೆಂಡು ಒದೆಯಬಹುದಾದ ಜಾಗ ಎಲ್ಲಿದೆ? ನಿಮ್ಮ ಬಿಲ್ಡಿಂಗಿನ ಹುಡುಗರನ್ನೇ ಕೇಳಿ ನೋಡಿ. ಅವರು ಪಾರ್ಕಿಂಗ್ ತೋರಿಸುತ್ತಾರೆ, ಅದೂ ವಾಚ್‌ಮನ್ ಇಲ್ಲದ ಹೊತ್ತಿನಲ್ಲಿ.

ಸಾಹಿತ್ಯದ ಪತ್ರಿಕೆಯಲ್ಲಿ ಫುಟ್‌ಬಾಲಿಗೇನು ಕೆಲಸ ಎಂದು ಹುಬ್ಬೇರಿಸುವವರು ಸ್ವಲ್ಪ ತಾಳಬೇಕು. ನಾನು ಬರೆಯುತ್ತಿರುವುದು ನೆಲದ ಬಗ್ಗೆ. ವಲಸೆ ಬಂದವರಿಗೆ ಅದಕ್ಕಿಂತ ದೊಡ್ಡ ವಸ್ತು ಯಾವುದಿದೆ?

ಪೆಸಿಫಿಕ್ ಸಾಗರದ ದ್ವೀಪಗಳ ತಂಡಗಳು ತಮ್ಮತಮ್ಮಲ್ಲಿ ಮರಳಿನ ಮೇಲೆ ಒಂದು ಟೂರ್ನಮೆಂಟ್ ಆಡುತ್ತವೆ. ಓಷಿಯಾನಿಯಾ ಫುಟ್‌ಬಾಲ್ ಒಕ್ಕೂಟ ನಡೆಸುವ ಈ ಕೂಟದಲ್ಲಿ ಗೆದ್ದವರಿಗೆ ವಿಶ್ವಕಪ್ಪಿಗೆ ಟಿಕೆಟ್. ಸಾಲೊಮನ್ ದ್ವೀಪಗಳು, ತಾಹಿತಿ, ವನುವಾಟು, ಫಿಜಿ, ನ್ಯೂ ಕ್ಯಾಲೆಡೋನಿಯಾ, ಟೊಂಗಾ, ಇವೆಲ್ಲ ಅಲ್ಲಿ ಆಡಿದ ತಂಡಗಳು. ನಮ್ಮ ಟೀವಿ ಇದನ್ನು ತೋರಿಸುವುದಿಲ್ಲ, ನಮ್ಮ ಪೇಪರುಗಳಲ್ಲಿ ಒಂದು ಸಾಲೂ ಬರುವುದಿಲ್ಲ. ಆರಂಭದ ವರ್ಷಗಳಲ್ಲಿ ಸಾಲೊಮನ್‌ನವರದೇ ಮೇಲುಗೈ. ಬಿಲಿಕಿಕಿ ಬಾಯ್ಸ್ ಎಂದೇ ಹೆಸರಾದ ಅವರ ತಂಡ 2006ರಲ್ಲಿ ರಿಯೋದ ವಿಶ್ವಕಪ್ಪಿಗೆ ಹೋಗಿತ್ತು. ಆಮೇಲೆ ತಾಹಿತಿ ಏರಿತು. ಅವರ ತಂಡಕ್ಕೆ ತಿಕಿ ತೋಆ ಎಂಬ ಹೆಸರು.

ಆಟ ಸರಳ. ಒಂದು ಕಡೆಗೆ ಐವರು, ಎಲ್ಲರೂ ಬರಿಗಾಲು. ಹನ್ನೆರಡು ಹನ್ನೆರಡು ನಿಮಿಷಗಳ ಮೂರು ಅವಧಿ. ಡ್ರಾ ಎಂಬುದೇ ಇಲ್ಲ. ಹೆಚ್ಚುವರಿ ಸಮಯದಲ್ಲೋ ಪೆನಾಲ್ಟಿಯಲ್ಲೋ ಯಾರಾದರೂ ಗೆಲ್ಲಲೇಬೇಕು. ಅಂಗಳ ಹೆಚ್ಚೆಂದರೆ 37 ಮೀಟರ್ ಉದ್ದ, 28 ಮೀಟರ್ ಅಗಲ, ಅಂದರೆ ಕಾಲು ಎಕರೆ. ಮರಳು ಕನಿಷ್ಠ 40 ಸೆಂಟಿಮೀಟರ್ ಆಳ. ಶೂ ಬೇಡ, ಹುಲ್ಲು ಬೇಡ, ಹುಲ್ಲಿಗೆ ನೀರು ಬೇಡ, ಮಾಲಿ ಬೇಡ. ಬಡವರಿಗೆ ಹೇಳಿ ಮಾಡಿಸಿದ ಆಟ.

2013ನ್ನು ನೆನಪಿಟ್ಟುಕೊಳ್ಳಬೇಕು. ಆ ಜೂನಿನಲ್ಲಿ ತಾಹಿತಿಯ ಹನ್ನೊಂದು ಜನರ ತಂಡ ಬ್ರೆಜಿಲ್ಲಿನಲ್ಲಿ ಕಾನ್ಫೆಡರೇಷನ್ಸ್ ಕಪ್ ಆಡಿತು. ನೈಜೀರಿಯಾದ ಎದುರು 6-1, ಸ್ಪೇನಿನ ಎದುರು 10-0, ಉರುಗ್ವೆಯ ಎದುರು 8-0. ಮೂರು ಆಟಗಳಲ್ಲಿ 24 ಗೋಲು ತಿಂದರು. ಲೋಕವೆಲ್ಲ ನಕ್ಕಿತು, ಕೆಲವರು ಬೆನ್ನು ತಟ್ಟಿದರು. ಅದೇ ಸೆಪ್ಟೆಂಬರಿನಲ್ಲಿ ರಾಜಧಾನಿ ಪಪೀಟೆಯಲ್ಲಿ ಬೀಚ್ ಸಾಕರ್ ವಿಶ್ವಕಪ್ ನಡೆಯಿತು. ತಾಹಿತಿ ನಾಲ್ಕನೆಯ ಸ್ಥಾನಕ್ಕೆ ಬಂತು. ದೇಶ ಅದೇ, ವರ್ಷವೂ ಅದೇ. ಬದಲಾದದ್ದು ಕಾಲ ಕೆಳಗಿನ ನೆಲ. ತಮಗೆ ಯಾವ ನೆಲ ಒಗ್ಗುತ್ತದೆ ಎಂದು ತಿಳಿದು, ಆ ನೆಲವನ್ನು ಮಕ್ಕಳಿಗೆ ಬಿಟ್ಟುಕೊಟ್ಟ ಜನ ಅವರು.

ಇನ್ನೊಂದು ಸಂಗತಿ. ಆ ವಿಶ್ವಕಪ್ ನಡೆದದ್ದು ದೂರದ ಯಾವುದೋ ಕಡಲತೀರದಲ್ಲಲ್ಲ. ಪ್ರತಿ ಜುಲೈಯಲ್ಲಿ ಅವರ ದೊಡ್ಡ ನೃತ್ಯೋತ್ಸವ ಹೆಯಿವಾ ನಡೆಯುತ್ತದಲ್ಲ, ಅದೇ ತೋಆತಾ ಆವರಣದಲ್ಲಿ, ಊರ ನಡುವೆ. ಕುಣಿತಕ್ಕೂ ಆಟಕ್ಕೂ ಒಂದೇ ಅಂಗಳ. ಸಂಸ್ಕೃತಿ ಒಂದು ಕಡೆ, ಕ್ರೀಡೆ ಒಂದು ಕಡೆ ಎಂದು ಬೇರೆಬೇರೆ ಕಮಿಟಿ ಮಾಡಿಕೊಂಡ ನಮ್ಮ ಸಂಘಗಳು ಇದನ್ನು ಸ್ವಲ್ಪ ಯೋಚಿಸಬೇಕು.

"ಅವರಿಗೆ ಕಡಲಿದೆ, ನಮಗೆಲ್ಲಿದೆ?" ಎಂಬುದು ಮೊದಲು ಬರುವ ಮಾತು. ಈ ನೆಪವನ್ನು ಇಲ್ಲೇ ಮುಗಿಸಿಬಿಡೋಣ. 2025ರಲ್ಲಿ ಸೇಶೆಲ್ಸ್‌ನಲ್ಲಿ ನಡೆದ ಬೀಚ್ ಸಾಕರ್ ವಿಶ್ವಕಪ್ಪಿನ ಫೈನಲ್ಲಿನಲ್ಲಿ ಬ್ರೆಜಿಲ್ಲಿಗೆ 4-3ರವರೆಗೆ ಬೆವರಿಳಿಸಿದ್ದು ಬೆಲಾರುಸ್. ಭೂಪಟ ತೆಗೆದು ನೋಡಿ, ಬೆಲಾರುಸ್‌ಗೆ ಒಂದಡಿ ಕಡಲತೀರವೂ ಇಲ್ಲ. 2009ರಲ್ಲಿ ದುಬೈಯಲ್ಲಿ ಫೈನಲ್ ಆಡಿದ ಸ್ವಿಟ್ಜರ್ಲೆಂಡಿಗೂ ಇಲ್ಲ. ನಮ್ಮ ದೇಶದ್ದೇ ಬೇಕೆ? 2023ರ ಆರಂಭದಲ್ಲಿ ಸೂರತ್ತಿನಲ್ಲಿ ರಾಷ್ಟ್ರೀಯ ಬೀಚ್ ಸಾಕರ್ ಚಾಂಪಿಯನ್‌ಶಿಪ್ ನಡೆಯಿತು. ಕೇರಳ ಗೆದ್ದಿತು, ಅದು ಸಹಜ. ಫೈನಲ್ಲಿನಲ್ಲಿ ಸೋತದ್ದು ಯಾರು? ಗೋಧಿ ಬೆಳೆಯುವ ಪಂಜಾಬ್! ಬೇಕಾದದ್ದು ಸಮುದ್ರವಲ್ಲ ಸ್ವಾಮಿ, ಕಾಲು ಎಕರೆ ಜಾಗ ಮತ್ತು ಸುಮಾರು 400 ಘನ ಮೀಟರ್ ಮರಳು.

ಮರಳು ನಮ್ಮಲ್ಲಿರಲಿಲ್ಲವೆ? ನಮ್ಮ ಊರುಗಳ ಹೆಸರುಗಳನ್ನೇ ಕೇಳಿ. ಮುಂಬ್ರಾದಲ್ಲಿ ರೇತಿ ಬಂದರ್. ಕಲ್ಯಾಣದಲ್ಲಿ ರೇತಿ ಬಂದರ್. ಡೊಂಬಿವಲಿ ಪಶ್ಚಿಮದ ಮೋಠಾಗಾಂವ್‌ನಲ್ಲಿ ರೇತಿ ಬಂದರ್. ರೇತಿ ಎಂದರೆ ಮರಳು. ಉಲ್ಹಾಸ್ ನದಿಯಿಂದ, ಖಾಡಿಯಿಂದ ಬಗೆದು ದೋಣಿಗಳಲ್ಲಿ ತಂದ ಮರಳು ಇಳಿದದ್ದು ಈ ದಂಡೆಗಳಲ್ಲಿ. ಅಲ್ಲಿಂದ ಲಾರಿ ಹತ್ತಿ, ಸಿಮೆಂಟಿನೊಂದಿಗೆ ಕಲಸಿ, ನಮ್ಮ ಒನ್ ಬಿಎಚ್‌ಕೆಗಳ ಗೋಡೆಯಾಯಿತು. ನಾವು ಮಲಗುವ ಮಂಚದ ಹಿಂದೆ ಪ್ಲಾಸ್ಟರಿನೊಳಗೆ ಇರುವುದು ಆ ಮರಳೇ. ಒಂದು ಇಡೀ ನದಿಯ ಮರಳು ಗೋಡೆಯೊಳಗೆ ಹೋಯಿತು, ಒಂದು ಲಾರಿಯಷ್ಟೂ ಮಕ್ಕಳ ಕಾಲಿಗೆ ಸಿಗಲಿಲ್ಲ. ಮನೆ ಬೇಡವೆ ಎಂದು ಕೇಳಬೇಡಿ. ಮನೆ ಬೇಕು; ಮನೆಗಾಗಿಯೇ ಊರು ಬಿಟ್ಟು ಬಂದವರು ನಾವು. ಮನೆಯ ಲೆಕ್ಕದಲ್ಲಿ ಅಂಗಳ ಎಲ್ಲಿ ಕಳೆದುಹೋಯಿತು ಎಂಬುದಷ್ಟೇ ಪ್ರಶ್ನೆ.

ಅದು ತಾನಾಗಿ ಕಳೆದುಹೋಗಲಿಲ್ಲ, ಕಳೆದರು. ಘಣ್ಸೋಲಿಯ ಕತೆ ಕೇಳಿ. ನವಿಮುಂಬಯಿಯ ಘಣ್ಸೋಲಿಯಲ್ಲಿ ಸರಕಾರಿ ಕ್ರೀಡಾ ಸಂಕುಲಕ್ಕಾಗಿ 2003ರಲ್ಲೇ 20 ಎಕರೆ ಮೀಸಲಾಗಿತ್ತು. ವರ್ಷಗಳು ಕಳೆದರೂ ಸಂಕುಲ ಏಳಲಿಲ್ಲ. ಬದಲಿಗೆ ಆ ಜಾಗದ ಒಂದು ಭಾಗವನ್ನು ಸಿಡ್ಕೋ ಖಾಸಗಿ ಬಿಲ್ಡರಿಗೆ ಕೊಟ್ಟಿತು. 2021ರಲ್ಲಿ ಸರಕಾರ ಕ್ರೀಡಾ ಸಂಕುಲವನ್ನು ರಾಯಗಡ ಜಿಲ್ಲೆಯ ಮಾಣಗಾಂವ್ ತಾಲೂಕಿಗೆ ಸಾಗಹಾಕಿತು. ಎಷ್ಟು ದೂರ? ಸುಮಾರು 115 ಕಿಲೋಮೀಟರ್. ಘಣ್ಸೋಲಿಯ ಹುಡುಗಿ ಶಾಲೆ ಬಿಟ್ಟ ಮೇಲೆ ಆಡಬೇಕಾದರೆ 115 ಕಿಲೋಮೀಟರ್ ಹೋಗಿ, ಆಡಿ, ವಾಪಸು ಬಂದು, ಹೋಮ್‌ವರ್ಕ್ ಮಾಡಬೇಕು! ಈ ನಿರ್ಧಾರವನ್ನು ಕಾಗದದ ಮೇಲೆ ಬರೆದವರಿಗೆ ನಗು ಬರಲಿಲ್ಲವೆ?

ಇದರ ವಿರುದ್ಧ ಕೋರ್ಟಿಗೆ ಹೋದವರು ಯಾರು? ವಾಸ್ತುಶಿಲ್ಪಿಗಳ ಸಂಸ್ಥೆಯೊಂದರ ನವಿಮುಂಬಯಿ ಕೇಂದ್ರದವರು. 2024ರಲ್ಲಿ ಮುಂಬಯಿ ಹೈಕೋರ್ಟ್ ಆ ಸ್ಥಳಾಂತರವನ್ನೂ ಬಿಲ್ಡರಿಗೆ ಕೊಟ್ಟದ್ದನ್ನೂ ರದ್ದು ಮಾಡಿತು. ಅದೇ ವರ್ಷ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ಇಪ್ಪತ್ತು ಎಕರೆ ಎಂದರೆ ಎಷ್ಟು ಗೊತ್ತೆ? ಬೀಚ್ ಸಾಕರಿನ ಅಂಗಳಗಳನ್ನು ಒತ್ತೊತ್ತಾಗಿ ಹಾಸಿದರೆ ಎಪ್ಪತ್ತಕ್ಕೂ ಹೆಚ್ಚು. ಅಷ್ಟು ನೆಲ ಕೈತಪ್ಪಿ ಹೋಗಿ ಮರಳಿ ಬಂತು. ನಮ್ಮ ಕನ್ನಡ ಸಭೆಗಳಲ್ಲಿ ಈ ಸುದ್ದಿ ಯಾರ ಬಾಯಲ್ಲಾದರೂ ಬಂತೆ? ಯಾವ ಸಂಘದ ವಾರ್ಷಿಕ ವರದಿಯಲ್ಲಾದರೂ ಅಭಿನಂದನೆಯ ಒಂದು ಸಾಲು ಇತ್ತೆ? ಊರಿನ ದೇವಸ್ಥಾನದ ಬ್ರಹ್ಮಕಲಶಕ್ಕೆ ಇಲ್ಲಿಂದ ಎಷ್ಟು ಹೋಯಿತು ಎಂಬುದು ಮಾತ್ರ ಎಲ್ಲರಿಗೂ ಪೈಸೆ ಸಮೇತ ಗೊತ್ತು.

ಬೀಚ್ ಸಾಕರ್ ಬಹುಕಾಲ ಪಾಲಿಸಿಕೊಂಡು ಬಂದ ಒಂದು ನಿಯಮ ನನಗೆ ಬಹಳ ಇಷ್ಟ. ಫೌಲ್ ಆದರೆ, ಯಾರನ್ನು ಬೀಳಿಸಿದರೋ ಅವನೇ ಎದ್ದು ಫ್ರೀ ಕಿಕ್ ಹೊಡೆಯಬೇಕು. ಎದುರಾಳಿಗಳು ಅವನ ಮುಂದೆ ಗೋಡೆಯಾಗಿ ನಿಲ್ಲುವಂತಿಲ್ಲ. ನಮ್ಮಲ್ಲಿ ಬಿದ್ದದ್ದು ಮಕ್ಕಳು, ಎದುರು ನಿಂತಿರುವುದು ಇಪ್ಪತ್ತೆರಡು ಮಾಳಿಗೆಯ ಗೋಡೆ. ಕಿಕ್ ಹೊಡೆಯುವ ಹಕ್ಕು ಅವರಿಗಿಲ್ಲ, ಏಕೆಂದರೆ ಅವರಿಗೆ ವೋಟಿಲ್ಲ. ವೋಟಿರುವ ಅಪ್ಪ ಅಮ್ಮಂದಿರು ರಾತ್ರಿ ಒಂಬತ್ತಕ್ಕೆ ಮನೆ ಸೇರುತ್ತಾರೆ.

ಕಾನೂನು ಹೇಗೆ ನಡೆಯುತ್ತದೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು. ಪ್ರತಿ ಪಾಲಿಕೆಗೂ ಒಂದು ವಿಕಾಸ ಯೋಜನೆ ಇರುತ್ತದೆ, ಎಲ್ಲರೂ ಡಿಪಿ ಎನ್ನುತ್ತಾರೆ. ಅದರಲ್ಲಿ ಆಟದ ಮೈದಾನ, ಉದ್ಯಾನ, ಶಾಲೆ ಎಂದು ಜಾಗಗಳಿಗೆ ಬಣ್ಣ ಬಳಿದಿರುತ್ತದೆ. ಆದರೆ ಬಣ್ಣ ಬಳಿದ ಮಾತ್ರಕ್ಕೆ ಮೈದಾನವಾಗುವುದಿಲ್ಲ. 1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯಿದೆಯ 127ನೆಯ ಕಲಮಿನಂತೆ, ಮೀಸಲಿಟ್ಟ ಖಾಸಗಿ ಜಾಗವನ್ನು ಹತ್ತು ವರ್ಷಗಳೊಳಗೆ ವಶಪಡಿಸಿಕೊಳ್ಳದಿದ್ದರೆ ಮಾಲೀಕ ನೋಟಿಸು ಕೊಡಬಹುದು. ಆಮೇಲೆಯೂ ಗಡುವಿನೊಳಗೆ ಪಾಲಿಕೆ ಅಲುಗಾಡದಿದ್ದರೆ ಮೀಸಲಾತಿ ರದ್ದು. ಮೈದಾನವನ್ನು ಕೊಲ್ಲಲು ಯಾರೂ ಏನೂ ಮಾಡಬೇಕಾಗಿಲ್ಲ, ಸುಮ್ಮನೆ ಕುಳಿತರೆ ಸಾಕು. ಸುಮ್ಮನೆ ಕುಳಿತುಕೊಳ್ಳುವುದರಲ್ಲಿ ನಮ್ಮ ಕಚೇರಿಗಳನ್ನು ಮೀರಿಸುವವರಿಲ್ಲ. ಯೋಜನೆಯ ಕರಡು ಪ್ರಕಟವಾದಾಗ ಜನರು 'ಹರಕತ್-ಸೂಚನಾ' ಕೊಡಲು ಅವಕಾಶವಿದೆ. ಆ ಪ್ರಕಟಣೆ ಬರುವುದು ಮರಾಠಿ ಪತ್ರಿಕೆಗಳಲ್ಲಿ, ನಾವು ಓದುವುದು ನಮ್ಮ ಊರಿನ ಇ-ಪೇಪರ್. ಉಡುಪಿಯ ನಗರಸಭೆಯಲ್ಲಿ ಯಾರು ಯಾರಿಗೆ ಬೈದರು ಎಂಬುದು ನಮಗೆ ಗೊತ್ತು. ನಮ್ಮ ವಾರ್ಡಿನ ನಗರಸೇವಕನ ಹೆಸರು ಗೊತ್ತಿಲ್ಲ.

"ನವಿಮುಂಬಯಿಯಲ್ಲಿ ಅಷ್ಟು ದೊಡ್ಡ ಸ್ಟೇಡಿಯಂ ಇದೆಯಲ್ಲ" ಎನ್ನುತ್ತೀರಿ. ಇದೆ, ನೆರೂಲಿನ ಡಿ.ವೈ. ಪಾಟೀಲ್. 2017ರ ಹದಿನೇಳರೊಳಗಿನ ಹುಡುಗರ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಓಷಿಯಾನಿಯಾದಿಂದ ಬಂದ ನ್ಯೂಜಿಲೆಂಡ್ ತಂಡ ಅಲ್ಲೇ ಆಡಿತು. 2022ರಲ್ಲಿ ಮಹಿಳೆಯರ ಏಷ್ಯನ್ ಕಪ್ಪಿನ ಫೈನಲ್ ಅಲ್ಲಿ, ಅದೇ ವರ್ಷ ಹದಿನೇಳರೊಳಗಿನ ಹುಡುಗಿಯರ ವಿಶ್ವಕಪ್ಪಿನ ಫೈನಲ್ಲೂ ಅಲ್ಲಿ. 2025ರ ನವೆಂಬರ್ 2ರಂದು ನಮ್ಮ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕಾವನ್ನು ಸೋಲಿಸಿ ಕ್ರಿಕೆಟ್ ವಿಶ್ವಕಪ್ ಎತ್ತಿದ್ದೂ ಅಲ್ಲಿಯೇ. ಎಲ್ಲ ನಿಜ, ಎಲ್ಲ ಸಂತೋಷ. ಆದರೆ ಸ್ಟೇಡಿಯಂ ಎಂದರೆ ಕೂತು ನೋಡುವ ಜಾಗ, ಮೈದಾನ ಎಂದರೆ ಇಳಿದು ಆಡುವ ಜಾಗ. ಸಾವಿರಾರು ಕುರ್ಚಿಗಳಿಂದ ಒಂದು ಅಂಗಳವಾಗುವುದಿಲ್ಲ. ಖಾರ್‌ಘರಿನಲ್ಲಿ ಸಿಡ್ಕೋ ಗಾಲ್ಫ್ ಕೋರ್ಸನ್ನೂ ಮಾಡಿದೆ. ಗುಡ್ಡದ ಬುಡದ ಅಷ್ಟು ಹಸಿರು ಗಾಲ್ಫಿಗೆ ಸಿಗುತ್ತದೆ ಎಂದಾದರೆ, ಜಾಗವಿಲ್ಲ ಎಂಬ ಮಾತನ್ನು ನಾವು ಯಾಕೆ ನಂಬಬೇಕು?

ಹಾಗಾದರೆ ಟರ್ಫ್? ಥಾಣೆಯಿಂದ ಪನ್ವೇಲಿನವರೆಗೆ ಬಲೆ ಕಟ್ಟಿದ ಹಸಿರು ಪ್ಲಾಸ್ಟಿಕ್ಕಿನ ಪಂಜರಗಳು ಅಣಬೆಗಳಂತೆ ಎದ್ದಿವೆ. ಗಂಟೆಗೆ ಇಷ್ಟು ಎಂದು ಬಾಡಿಗೆ. ಐಟಿ ಕಂಪನಿಯ ಹುಡುಗರು ಹತ್ತು ಜನ ಸೇರಿ ದುಡ್ಡು ಹಂಚಿಕೊಂಡು ರಾತ್ರಿ ಹನ್ನೊಂದಕ್ಕೆ ಆಡುತ್ತಾರೆ, ಆಡಲಿ. ಆದರೆ ಆಟಕ್ಕೆ ಮೀಟರ್ ಹಾಕಿದ ಮೇಲೆ ಅದು ರಿಕ್ಷಾ ಸವಾರಿ. ಮನೆಕೆಲಸದವಳ ಮಗ, ಇಸ್ತ್ರಿಯವನ ಮಗಳು, ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸುವ ನಮ್ಮೂರಿನದೇ ಹುಡುಗ, ಇವರು ಬಲೆಯ ಹೊರಗೆ ನಿಂತು ನೋಡುತ್ತಾರೆ. ಚೆಂಡು ಹೊರಗೆ ಬಿದ್ದಾಗ ಎತ್ತಿ ಒಳಗೆ ಎಸೆಯುತ್ತಾರೆ. ಆಟದಲ್ಲಿ ಅವರ ಪಾಲು ಅಷ್ಟು.

ನಮ್ಮ ಹಿರಿಯರ ಸ್ಥಿತಿ ಹೀಗಿರಲಿಲ್ಲ. ಕೋಟೆ ಪರಿಸರದಲ್ಲಿ ಹಗಲು ಕ್ಯಾಂಟೀನಿನಲ್ಲಿ ದುಡಿದು, ಕನ್ನಡ ರಾತ್ರಿ ಶಾಲೆಗಳಲ್ಲಿ ಕಲಿತ ತಲೆಮಾರಿನ ಎದುರು ಆಜಾದ್ ಮೈದಾನವಿತ್ತು, ಕ್ರಾಸ್ ಮೈದಾನವಿತ್ತು, ಓವಲ್ ಇತ್ತು. ಪರಕೀಯರು ತಮ್ಮ ಕೋಟೆಯ ಸುತ್ತ ತಮ್ಮ ಕಾರಣಕ್ಕೆ ಬಯಲು ಬಿಟ್ಟಿದ್ದರು. ಜನ ಅದನ್ನು ಆಟದಿಂದ ತಮ್ಮದಾಗಿಸಿಕೊಂಡರು. ಆಮೇಲೆ ನಮ್ಮವರೇ 1970ರಲ್ಲಿ ಸಿಡ್ಕೋ ಕಟ್ಟಿ, ನಕ್ಷೆ ಹಾಕಿ, ಸೆಕ್ಟರ್ ಬರೆದು ಹೊಸ ನಗರ ಮಾಡಿದರು. ಅಂಥ ಯೋಜಿತ ನಗರದಲ್ಲಿ 20 ಎಕರೆ ಆಟದ ಜಾಗ ಉಳಿಸಲು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಯೋಜನೆಯೇ ಇಲ್ಲದೆ ಬೆಳೆದ ಡೊಂಬಿವಲಿಯ ಗತಿ ನೀವೇ ಊಹಿಸಿ. ಇಷ್ಟು ದೊಡ್ಡ ಊರಿಗೆ ಎಂಐಡಿಸಿಯ ಸಾವಳಾರಾಮ್ ಮಹಾರಾಜ್ ಕ್ರೀಡಾ ಸಂಕುಲ ಎಂಬ ಒಂದು ಹೆಸರು ಹೇಳಿದ ಮೇಲೆ ಎರಡನೆಯದಕ್ಕೆ ತಲೆ ಕೆರೆದುಕೊಳ್ಳಬೇಕು. ಕಲ್ಯಾಣದಲ್ಲಿ ಸುಭಾಷ್ ಮೈದಾನ. ಅಲ್ಲಿ ಆಟ, ಸಭೆ, ಮೇಳ, ಎಲ್ಲಕ್ಕೂ ಸರದಿ.

ಇನ್ನು ನಮ್ಮ ಸಂಘಗಳ ವಿಷಯ. ಅವುಗಳ ಸೇವೆಯನ್ನು ಅಲ್ಲಗಳೆಯಲಾರೆ. ಡೊಂಬಿವಲಿಯಲ್ಲಿ ಕನ್ನಡಿಗರು ಶಾಲೆ ಕಟ್ಟಿ ನಡೆಸಿದ್ದಾರೆ, ಅದು ಸಣ್ಣ ಮಾತಲ್ಲ. ಆದರೆ ಆಟವೆಂದರೆ ನಮಗೆ ಏನು? ವರ್ಷಕ್ಕೊಂದು ಕ್ರೀಡೋತ್ಸವ. ಚಳಿಗಾಲದ ಒಂದು ಭಾನುವಾರ, ಬಾಡಿಗೆಯ ಮೈದಾನ, ಪಥಸಂಚಲನ, ಬಲೂನು, ಹತ್ತು ಅತಿಥಿಗಳಿಗೆ ಶಾಲು, ಬಫೆ ಊಟ, ಹಗ್ಗಜಗ್ಗಾಟ, ಬಹುಮಾನ, ಸೋಮವಾರ ಪೇಪರಿನಲ್ಲಿ ಫೋಟೊ. ಉಳಿದ 364 ದಿನ ಮಕ್ಕಳೆಲ್ಲಿ ಆಡುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಆಟಿಯಲ್ಲಿ ಎಸಿ ಸಭಾಗೃಹದ ವೇದಿಕೆಯ ಮೇಲೆ ಆಟಿಡೊಂಜಿ ದಿನ ಆಚರಿಸುತ್ತೇವೆ, ಪತ್ರೊಡೆ ತಿನ್ನುತ್ತೇವೆ, ಊರಿನ ಕೆಸರುಗದ್ದೆಯ ಓಟ ನೆನೆದು ಕಣ್ಣು ಒರೆಸಿಕೊಳ್ಳುತ್ತೇವೆ. ಕೆಸರು ಮಾತ್ರ ಇಲ್ಲ. ಉಳ್ಳಾಲ, ಮಲ್ಪೆ, ಪಣಂಬೂರು, ಕಾಸರಗೋಡಿನ ಮರಳಲ್ಲಿ ಬರಿಗಾಲಲ್ಲಿ ಬೆಳೆದ ಜನ ನಾವು. ತಾಹಿತಿಯವರ ಬಂಡವಾಳ ಯಾವುದೋ ಅದೇ ಬಂಡವಾಳದೊಂದಿಗೆ ಇಲ್ಲಿಗೆ ಬಂದೆವು. ಅವರು ಅದರಿಂದ ತಂಡ ಕಟ್ಟಿದರು, ನಾವು ಭಾಷಣ ಕಟ್ಟಿದೆವು.

ಇಲ್ಲಿ ಒಂದು ಎಚ್ಚರವೂ ಬೇಕು. ಮರಳಿನಂಗಳ ಬೇಕು ಎಂದ ಕೂಡಲೇ ಖಾಡಿ ತುಂಬಿ, ಕಾಂದಳ ಕಡಿದು ಕೃತಕ ಬೀಚ್ ಮಾಡುತ್ತೇವೆ ಎನ್ನುವ ಜಾಣರು ಎದ್ದು ನಿಲ್ಲುತ್ತಾರೆ. ಅದು ಬೇಡ. ಫ್ಲೆಮಿಂಗೊ ಹಕ್ಕಿಗಳು ಇಳಿಯುವ ಜೌಗು ಫ್ಲೆಮಿಂಗೊಗಳದ್ದೇ. ಹೊಸ ನೆಲ ಹುಟ್ಟಿಸುವುದು ಬೇಡ. ಈಗಾಗಲೇ ನಕ್ಷೆಯಲ್ಲಿ ಮೈದಾನವೆಂದು ಬರೆದ ನೆಲವನ್ನು ಮೈದಾನವಾಗಿ ಬಿಟ್ಟರೆ ಸಾಕು. ಅದರ ಮೂಲೆಯಲ್ಲಿ ಕಾಲು ಎಕರೆಗೆ ಮರಳು ಹಾಸುವುದು ಒಂದು ರಸ್ತೆಗೆ ಎರಡನೆಯ ಸಲ ಕಾಂಕ್ರೀಟ್ ಹಾಕುವಷ್ಟು ದೊಡ್ಡ ಕೆಲಸವಲ್ಲ.

"ಮಕ್ಕಳು ಓದಲಿ, ಆಟದಿಂದ ಹೊಟ್ಟೆ ತುಂಬುತ್ತದೆಯೆ?" ಎಂಬುದು ಕೊನೆಯ ಆಕ್ಷೇಪ, ನಮ್ಮ ಮನೆಮನೆಯದು. ಹೊಟ್ಟೆ ತುಂಬಿಸಲು ಕೇಳುತ್ತಿಲ್ಲ. ಮಗು ಒಂದು ಊರನ್ನು ತನ್ನದು ಎಂದುಕೊಳ್ಳುವುದು ಹೇಗೆ? ಆಧಾರ್ ಕಾರ್ಡಿನ ವಿಳಾಸದಿಂದಲ್ಲ. ಅಲ್ಲಿ ಮಂಡಿ ತರಚಿಕೊಂಡದ್ದರಿಂದ, ಪಕ್ಕದ ಗಲ್ಲಿಯ ಮರಾಠಿ ಹುಡುಗನೊಂದಿಗೆ ಗೋಲು ಹೌದೋ ಅಲ್ಲವೋ ಎಂದು ಜಗಳವಾಡಿ ಮರುದಿನ ಮತ್ತೆ ಅವನ ತಂಡದಲ್ಲೇ ಆಡಿದ್ದರಿಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಮಕ್ಕಳು ಹಾಗೆ ಹೇಳುವ ಹಾಗೂ ಇಲ್ಲ. ಡೊಂಕು ಎನ್ನುವುದಕ್ಕಾದರೂ ನೆಲ ಬೇಕಲ್ಲ. ಊರಲ್ಲಿ ರಜೆಗೆ ಹೋದಾಗ ಮುಂಬಯಿಯವರು, ಇಲ್ಲಿ ಮದ್ರಾಸಿಗಳು ಎನಿಸಿಕೊಳ್ಳುವ ಈ ಮಕ್ಕಳಿಗೆ ಎರಡೂ ಕಡೆ ಅಂಗಳವಿಲ್ಲದಂತೆ ಮಾಡಿಟ್ಟು, ಆಮೇಲೆ ಮೊಬೈಲು ನೋಡುತ್ತಾರೆ ಎಂದು ಬೈಯುವ ಹಕ್ಕು ನಮಗೆ ಎಲ್ಲಿಂದ ಬಂತು?

ಹಾಗಾಗಿ ಸಂಘಗಳಿಗೆ, ಓದುಗರಿಗೆ ಮೂರು ಕೆಲಸ ಹೇಳುತ್ತೇನೆ. ಒಂದು, ನಿಮ್ಮ ವಾರ್ಡಿನ ವಿಕಾಸ ಯೋಜನೆಯ ನಕ್ಷೆ ತರಿಸಿ, ಮೈದಾನವೆಂದು ಬರೆದ ಜಾಗಗಳಿಗೆ ಭಾನುವಾರ ನಡೆದು ಹೋಗಿ ನೋಡಿ. ಅಲ್ಲಿ ಏನಿದೆಯೋ ಅದರ ಫೋಟೊ ತೆಗೆಯಿರಿ. ಮಾಹಿತಿ ಹಕ್ಕಿನಡಿ ಪಾಲಿಕೆಯನ್ನು ಕೇಳಲು ಹತ್ತು ರೂಪಾಯಿ ಸಾಕು, ಶಾಲಿಗಿಂತ ಅಗ್ಗ. ಎರಡು, ಮುಂದಿನ ಸಲ ಹರಕತ್-ಸೂಚನಾ ಕರೆದಾಗ ಸಂಘದ ಲೆಟರ್‌ಹೆಡ್ಡಿನಲ್ಲಿ, ಮರಾಠಿಯಲ್ಲಿ, ನೆರೆಯವರ ಸಹಿಯೊಂದಿಗೆ ಅರ್ಜಿ ಕೊಡಿ. ಕನ್ನಡ ಸಂಘವೊಂದು ಇಡೀ ಊರಿನ ಮಕ್ಕಳಿಗಾಗಿ ಮರಾಠಿಯಲ್ಲಿ ಮೈದಾನ ಕೇಳಿದ ದಿನ ನಾವು ಇಲ್ಲಿಯವರಾಗುತ್ತೇವೆ. ರಾಜ್ಯೋತ್ಸವಕ್ಕೆ ಮಂತ್ರಿಯನ್ನು ಕರೆಸಿದ ದಿನವಲ್ಲ. ಮೂರು, ನಗರಸೇವಕ ವೋಟು ಕೇಳಲು ಬಂದಾಗ ನೀರು, ರಸ್ತೆಗಳ ಜೊತೆಗೆ ಒಂದು ಪ್ರಶ್ನೆ ಸೇರಿಸಿ: ಕಾಲು ಎಕರೆ ಎಲ್ಲಿ?

ಅವನು ಸ್ಟೇಡಿಯಂ ತೋರಿಸಿದರೆ ಒಪ್ಪಬೇಡಿ. ಟರ್ಫ್ ತೋರಿಸಿದರೂ ಒಪ್ಪಬೇಡಿ. 115 ಕಿಲೋಮೀಟರ್ ದೂರ ಕೈ ತೋರಿಸಿದರೆ, ಅಲ್ಲಿಗೆ ನೀವೇ ಹೋಗಿ ವಾಸ ಮಾಡಿ ಎಂದು ಹೇಳಿ ಕಳಿಸಿ.